ಹೆಸರು ಕರೀದೇ ಇದ್ದೋನು: ಅಲೆಕ್ಸ್ ಕರೂಸೋ ಮತ್ತು ಎನ್‌ಬಿಎ ಹಿಂಬಾಗಿಲು

ಎಲ್ರಿಗೂ ನಮಸ್ಕಾರ. ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ನೆಲದ ಮೇಲೆ ಬೇಕಾದಷ್ಟು ಜಾಗ ಇದೆ. ಸಂಘಟಕರು ನಂಗೆ ಕೊಟ್ಟಿದ್ದ ಟಾಪಿಕ್ಕು "ಸೋಲೇ ಗೆಲುವಿನ ಸೋಪಾನ" ಅನ್ನೋ ಥರದ್ದು. ನಾನು ಸ್ವಲ್ಪ ಬದಲಾಯಿಸ್ಕೊಂಡಿದೀನಿ, ಬೇಜಾರ್ ಮಾಡ್ಕೋಬೇಡಿ. ಮೋಟಿವೇಶನ್ ಭಾಷಣ ನಿಮಗೆ ಮೊಬೈಲಲ್ಲೇ ದಿನಾ ಸಿಗುತ್ತೆ. ನಾನು ಮಾತಾಡೋಕೆ ಬಂದಿರೋದು ನೌಕರಿ ವಿಚಾರ, ಅಂದ್ರೆ ಬ್ಯಾಸ್ಕೆಟ್‌ಬಾಲ್ ಅನ್ನೋದು ಒಂದು ನೌಕರಿ ಅಂತ ಇಟ್ಕೊಂಡ್ರೆ ಅದಕ್ಕೆ ಸೆಲೆಕ್ಟ್ ಆಗದೇ ಇದ್ದೋನು ಆಮೇಲೆ ಒಳಗೆ ಹೆಂಗೆ ಬರ್ತಾನೆ, ಯಾವ ಕಾಗದಕ್ಕೆ ಸೈನ್ ಹಾಕ್ತಾನೆ, ಎಷ್ಟು ಸಂಬಳ, ಯಾವ ಕೆಲ್ಸ ಕೊಡ್ತಾರೆ, ಇದು.

2016ರ ಜೂನ್ 23. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರೋ ಬಾರ್ಕ್ಲೇಸ್ ಸೆಂಟರಲ್ಲಿ ಎನ್‌ಬಿಎ, ಅಂದ್ರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗಿನ ಡ್ರಾಫ್ಟು, ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರ ಹೆಸರು ಕರೆದು ತಗೊಳ್ಳೋದು. ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಇದು ನಮ್ಮ ಐಪಿಎಲ್ ಆಕ್ಷನ್ ಅಲ್ಲ, ಇಲ್ಲಿ ಯಾರೂ ದುಡ್ಡು ಕೂಗಲ್ಲ. 30 ಟೀಮು, ಎರಡು ರೌಂಡು, ಆ ವರ್ಷ ಒಟ್ಟು 60 ಹೆಸರು. ಹಿಂದಿನ ಸೀಸನ್‌ನಲ್ಲಿ ಸೋತು ಸುಣ್ಣ ಆದ ಟೀಮುಗಳಿಗೆ ಮೊದಲ ಸರದಿ. ನಿನ್ನ ಹೆಸರು ಯಾವ ಟೀಮು ಕರೀತೋ ಅಲ್ಲಿಗೇ ಹೋಗ್ಬೇಕು, ನಂಗೆ ಆ ಊರು ಬೇಡ ಅನ್ನೋಹಂಗಿಲ್ಲ. ಮೊದಲ ಹೆಸರು ಬೆನ್ ಸಿಮನ್ಸ್. 60ನೇ ಹೆಸರೂ ಕರೆದು ಮುಗೀತು, ಟಿವಿಯೋರು ಲೈಟ್ ಆಫ್ ಮಾಡ್ಕೊಂಡು ಹೋದ್ರು. ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯ ಗಾರ್ಡ್, ಅಂದ್ರೆ ಹೊರಗಡೆಯಿಂದ ಬಾಲ್ ನಡೆಸೋ ಆಟಗಾರ, ಅಲೆಕ್ಸ್ ಕರೂಸೋ ಹೆಸರು ಆ ಪಟ್ಟೀಲಿ ಇಲ್ಲ. ವಿಚಿಟಾ ಸ್ಟೇಟ್‌ನ ಫ್ರೆಡ್ ವ್ಯಾನ್‌ವ್ಲೀಟ್ ಹೆಸರೂ ಇಲ್ಲ. ಇವತ್ತಿಗೆ ಲೆಕ್ಕ ಹಾಕಿದ್ರೆ ಇಬ್ರ ಬೆರಳಲ್ಲಿ ಸೇರಿ ಮೂರು ಚಾಂಪಿಯನ್‌ಶಿಪ್ ಉಂಗುರ ಇದಾವೆ, ಕರೂಸೋದೇ ಎರಡು.

ಹಂಗಾದ್ರೆ ಆ 30 ಟೀಮಿನೋರೂ ದಡ್ಡರಾ? ಅಲ್ಲ. ಇದನ್ನ ಸರಿಯಾಗಿ ಅರ್ಥ ಮಾಡ್ಕೋಬೇಕು.

ಕರೂಸೋ ಹುಟ್ಟಿದ್ದು 1994ರಲ್ಲಿ, ಟೆಕ್ಸಸ್‌ನ ಕಾಲೇಜ್ ಸ್ಟೇಷನ್ ಅನ್ನೋ ಊರಲ್ಲಿ. ಅಪ್ಪ ಅಲ್ಲಿನ ಯೂನಿವರ್ಸಿಟಿಯ ಸ್ಪೋರ್ಟ್ಸ್ ವಿಭಾಗದಲ್ಲೇ ಕೆಲಸದಲ್ಲಿದ್ರು, ಮಗನೂ ಅಲ್ಲೇ ಸೇರಿ ನಾಲ್ಕು ವರ್ಷ ಪೂರ್ತಿ ಆಡ್ದ. ಬಿಡೋ ಹೊತ್ತಿಗೆ ಆ ಯೂನಿವರ್ಸಿಟಿ ಇತಿಹಾಸದಲ್ಲೇ ಅಸಿಸ್ಟು (ಸ್ಕೋರ್ ಆಗೋ ಪಾಸು), ಸ್ಟೀಲು (ಎದುರಾಳಿಯಿಂದ ಬಾಲ್ ಕಿತ್ಕೊಳ್ಳೋದು) ಎರಡರಲ್ಲೂ ಅವನೇ ನಂಬರ್ ಒನ್. ಅದೇ 2016ರ ಮಾರ್ಚ್‌ನಲ್ಲಿ ಎನ್‌ಸಿಎಎ, ಅಂದ್ರೆ ಅಮೆರಿಕದ ಕಾಲೇಜ್ ಟೀಮುಗಳ ಟೂರ್ನಮೆಂಟ್‌ನಲ್ಲಿ ನಾರ್ದರ್ನ್ ಐಯೋವಾ ಮೇಲೆ ಒಂದು ಮ್ಯಾಚು. ಬಾಕಿ ಇರೋದು 44 ಸೆಕೆಂಡು, ಇವರು 12 ಪಾಯಿಂಟು ಹಿಂದೆ, ಸ್ಕೋರು 69-57, ಪ್ರೇಕ್ಷಕರು ಎದ್ದು ಹೊರಟಾಯ್ತು. ಅಲ್ಲಿಂದ ಶುರು ಆಯ್ತು ನೋಡಿ, ಎದುರಾಳಿಗಳು ಸೈಡಿಂದ ಬಾಲ್ ಒಳಗೆ ಹಾಕೋಕೂ ಇವರು ಬಿಡ್ತಿಲ್ಲ, ಹಾಕಿದ್ರೆ ಕಿತ್ಕೊಳ್ಳೋದು, ಕಿತ್ಕೊಂಡು ಹಾಕೋದು, ಮತ್ತೆ ಕಿತ್ಕೊಳ್ಳೋದು, 71-71! ಎರಡು ಓವರ್‌ಟೈಮ್ ಆಡಿ 92-88 ಗೆದ್ರು, ಕರೂಸೋದು 25 ಪಾಯಿಂಟು. ಇದು ನಡೆದ ಸ್ಟೇಡಿಯಂ ಒಕ್ಲಹಾಮಾ ಸಿಟಿಯಲ್ಲಿದೆ, ಊರಿನ ಹೆಸರು ನೆನಪಿಟ್ಕೊಳ್ಳಿ, ಇವನ ಜೀವನದಲ್ಲಿ ಆ ಊರು ಸುಮ್ನೆ ಬಿಡಲ್ಲ.

ಇಷ್ಟೆಲ್ಲಾ ಮಾಡಿದ್ರೂ ಯಾಕೆ ಕರೀಲಿಲ್ಲ ಅಂದ್ರೆ, ಡ್ರಾಫ್ಟಲ್ಲಿ ಕೊಂಡ್ಕೊಳ್ಳೋದು ನೀನು ಇವತ್ತು ಏನು ಅನ್ನೋದನ್ನಲ್ಲ, ನಾಳೆ ಏನಾಗ್ಬಹುದು ಅನ್ನೋದನ್ನ. 19 ವರ್ಷದ ಹುಡುಗ, ಉದ್ದ ಕೈ, ಶೂಟಿಂಗ್ ಇನ್ನೂ ಬರಲ್ಲ, ಪರವಾಗಿಲ್ಲ ಕಲೀತಾನೆ ಅಂತಾರೆ. 22 ವರ್ಷದೋನು, ನಾಲ್ಕು ವರ್ಷ ಕಾಲೇಜು ಮುಗಿಸಿದೋನು, ಅವನ ಶೂಟಿಂಗು ಸುಮಾರಾಗಿದ್ರೆ ಇವನದು ಇಷ್ಟೇ ಅಂತಾರೆ. 22 ಅಂದ್ರೆ ಡ್ರಾಫ್ಟ್ ಲೆಕ್ಕದಲ್ಲಿ ಮುದುಕ! ನೋಡೋಕೂ ತೆಳ್ಳಗೆ, ಆಮೇಲೆ ಕೂದಲು ಬೇರೆ ಬೇಗ ಉದುರ್ತು ಪಾಪ, ಮುಂದೆ ಇವನು ಆಡಿದ ಲಾಸ್ ಏಂಜಲೀಸ್ ಲೇಕರ್ಸ್ ಟೀಮಿನ ಫ್ಯಾನ್ಸು ಅದನ್ನೇ ಮೀಮ್ ಮಾಡಿ ಫೇಮಸ್ ಮಾಡಿದ್ರು, ಅದಿರಲಿ.

ಈಗ ಒಂದು ವಿಚಿತ್ರ ಹೇಳ್ತೀನಿ, ನಮ್ಮ ಜನಕ್ಕೆ ಇದು ಬೇಗ ತಲೆಗೆ ಹೋಗಲ್ಲ. 50ನೇ, 55ನೇ ನಂಬರಿಗೆ ಹೆಸರು ಕರೆಸ್ಕೊಳ್ಳೋದಕ್ಕಿಂತ ಕರೆಸ್ಕೊಳ್ಳದೇ ಇರೋದೇ ಕೆಲವು ಸಲ ವಾಸಿ. ಮೊದಲ ರೌಂಡಿನೋನಿಗೆ ಗ್ಯಾರಂಟಿ ಕಾಂಟ್ರಾಕ್ಟು, ಎರಡನೇ ರೌಂಡಿನೋನಿಗೆ ಯಾವ ಗ್ಯಾರಂಟಿನೂ ಇಲ್ಲ, ಆದ್ರೂ ನಿನ್ನ ಹಕ್ಕು ಮಾತ್ರ ಆ ಟೀಮಿನ ಜೇಬಲ್ಲಿ. ಅಲ್ಲಿ ನಿನ್ನ ಪೊಸಿಷನ್‌ನಲ್ಲಿ ಆಗಲೇ ನಾಲ್ಕು ಜನ ಇದ್ರೂ ನೀನು ಬಾಯಿ ಮುಚ್ಕೊಂಡು ಕೂರ್ಬೇಕು. ಹೆಸರೇ ಕರೀದೇ ಇದ್ರೆ? ಅವತ್ತು ರಾತ್ರಿನೇ 30 ಟೀಮಲ್ಲಿ ಯಾರ ಜೊತೆ ಬೇಕಾದ್ರೂ ಮಾತಾಡಬಹುದು, ಎಲ್ಲಿ ಜಾಗ ಖಾಲಿ ಇದೆ ಅಂತ ಹುಡುಕ್ಕೊಂಡು ಹೋಗಬಹುದು. ವ್ಯಾನ್‌ವ್ಲೀಟ್‌ಗೆ ಅವತ್ತು ಎರಡನೇ ರೌಂಡಲ್ಲಿ ತಗೋತೀವಿ, ಆದ್ರೆ ಡಿ-ಲೀಗ್‌ಗೆ, ಅಂದ್ರೆ ಎನ್‌ಬಿಎ ಕೆಳಗಿನ ದರ್ಜೆ ಲೀಗಿಗೆ ಹೋಗ್ಬೇಕು, ಸಂಬಳ ಇಷ್ಟೇ ಅಂತ ಆಫರ್ ಬಂದಿತ್ತು, ಅವನು ಬೇಡ ಅಂದ! ಟೊರಾಂಟೋ ರ‍್ಯಾಪ್ಟರ್ಸ್ ಕ್ಯಾಂಪಿಗೆ ಹೋದ, ಅಲ್ಲಿ 14 ಜಾಗ ಆಗಲೇ ಭರ್ತಿ, ಉಳಿದಿದ್ದು 15ನೇದು ಒಂದೇ, ಅದಕ್ಕೆ ಆರು ಜನ ಪೈಪೋಟಿ, ಅದರಲ್ಲಿ ಗೆದ್ದ. 2019ರ ಫೈನಲ್ಸ್‌ನ ಆರನೇ ಮ್ಯಾಚಲ್ಲಿ 22 ಪಾಯಿಂಟು, ಅದ್ರಲ್ಲಿ 12 ಕೊನೇ ಕ್ವಾರ್ಟರಲ್ಲಿ, ಜೊತೆಗೆ ಆ ಸೀರೀಸ್ ಪೂರ್ತಿ ಎದುರಾಳಿ ಟೀಮಿನ ಸ್ಟಾರ್ ಸ್ಟೆಫ್ ಕರೀ ಬೆನ್ನು ಬಿಡದೇ ಓಡಿದ್ದು. 2023ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಮೂರು ವರ್ಷಕ್ಕೆ 13 ಕೋಟಿ ಡಾಲರ್‌ನಷ್ಟು ಕೊಟ್ಟು ಕರ್ಕೊಂಡ್ರು.

ಇದರ ಉಲ್ಟಾ ಕಥೆ ನಮ್ಮ ದೇಶದ್ದೇ ಇದೆ. ಪಂಜಾಬಿನ ಬಲ್ಲೋ ಕೆ ಅನ್ನೋ ಹಳ್ಳಿಯ ಸತ್ನಾಮ್ ಸಿಂಗ್ ಭಾಮರಾ, ಏಳಡಿ ಮೇಲೆ ಎತ್ತರ, 2015ರಲ್ಲಿ ಡಲ್ಲಾಸ್ ಮ್ಯಾವೆರಿಕ್ಸ್ 52ನೇ ನಂಬರಿಗೆ ಕರೀತು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲಿಗ, ಪೇಪರಲ್ಲೆಲ್ಲಾ ಫೋಟೋ, ನಾವೂ ಕುಣಿದಿದ್ವಿ. ಒಂದೇ ಒಂದು ಎನ್‌ಬಿಎ ಸೀಸನ್ ಮ್ಯಾಚ್ ಆಡೋಕೆ ಅವಕಾಶ ಸಿಗಲಿಲ್ಲ, ಆಮೇಲೆ ಟಿವಿಯಲ್ಲಿ ಬರೋ ಪ್ರೊಫೆಷನಲ್ ರೆಸ್ಲಿಂಗ್ ಕಡೆ ಹೋದ್ರು. ಅವರನ್ನ ಸಣ್ಣದು ಮಾಡೋಕೆ ಹೇಳ್ತಿಲ್ಲ, ಅವರು ಹೋದ ದೂರ ನಮ್ಮಲ್ಲಿ ಇನ್ಯಾರೂ ಹೋಗಿರಲಿಲ್ಲ. ಹೆಸರು ಕರೆಯೋದು ಬೇರೆ, ಆಡಿಸೋದು ಬೇರೆ, ಅಷ್ಟೇ.

ಸರಿ, ಕರೂಸೋ ಹತ್ರ ವಾಪಸ್ ಬರೋಣ. ಡ್ರಾಫ್ಟ್ ಆದ್ಮೇಲೆ ಫಿಲಡೆಲ್ಫಿಯಾ ಜೊತೆ ಸಮ್ಮರ್ ಲೀಗ್, ಅಂದ್ರೆ ಬೇಸಿಗೇಲಿ ಹೊಸಬರನ್ನ ಆಡಿಸಿ ನೋಡೋ ಟೂರ್ನಿ, ಆಡ್ದ, ಆಮೇಲೆ ಒಕ್ಲಹಾಮಾ ಸಿಟಿ ಥಂಡರ್ ಟ್ರೈನಿಂಗ್ ಕ್ಯಾಂಪಿಗೆ ಕರೀತು. ಸೀಸನ್ ಶುರುವಾಗೋ ಮುಂಚೆ ಅಕ್ಟೋಬರಲ್ಲಿ ವೇವ್ ಮಾಡಿದ್ರು, ಅಂದ್ರೆ ಕೈಬಿಟ್ರು. ಇಂಥೋರಿಗೆ ಎರಡೇ ದಾರಿ, ಇಲ್ಲಾ ಟರ್ಕಿ, ಸ್ಪೇನ್, ಇಟಲಿ ಅಂತ ಹೊರದೇಶಕ್ಕೆ ಹೋಗು, ಅಲ್ಲಿ ದುಡ್ಡು ಚೆನ್ನಾಗೇ ಸಿಗುತ್ತೆ, ಆದ್ರೆ ಎನ್‌ಬಿಎ ಕಣ್ಣಿಂದ ದೂರ. ಇಲ್ಲಾ ಇಲ್ಲೇ ಡಿ-ಲೀಗಲ್ಲಿ ಆಡು, ಕಣ್ಣಿಗೆ ಬೀಳ್ತೀಯ, ಆದ್ರೆ ಜೇಬು ಖಾಲಿ. ಆ ವರ್ಷ ಡಿ-ಲೀಗ್ ಸಂಬಳ ಇಡೀ ಸೀಸನ್‌ಗೆ 19 ಸಾವಿರ ಡಾಲರ್, ಸ್ವಲ್ಪ ಮೇಲಿನ ದರ್ಜೆಯೋರಿಗೆ 26 ಸಾವಿರ. ಅದೇ ವರ್ಷ ಎನ್‌ಬಿಎಲಿ ಹೊಸಬನ ಕನಿಷ್ಠ ಸಂಬಳ 5 ಲಕ್ಷ 43 ಸಾವಿರ ಡಾಲರ್. ಮಧ್ಯದಲ್ಲಿ ಮೆಟ್ಟಿಲೇ ಇಲ್ಲ, ಬರೀ ಗೋಡೆ.

ಕರೂಸೋ ಇಲ್ಲೇ ಉಳ್ಕೊಂಡ. ಥಂಡರ್‌ದೇ ಕೆಳಗಿನ ಟೀಮು ಒಕ್ಲಹಾಮಾ ಸಿಟಿ ಬ್ಲೂ, ಅಲ್ಲಿ ಆಡ್ದ. ಅಲ್ಲಿ ಕೋಚ್ ಯಾರು ಗೊತ್ತಾ? ಮಾರ್ಕ್ ಡೇಗ್ನಾಲ್ಟ್. ಈ ಮನುಷ್ಯನೂ ಹಿಂಬಾಗಿಲಿನೋನೇ, ಕಾಲೇಜಲ್ಲಿ ಟೀಮಿಗೆ ಆಡಿದೋನಲ್ಲ, ಯೂಕಾನ್, ಅಂದ್ರೆ ಕನೆಕ್ಟಿಕಟ್ ಯೂನಿವರ್ಸಿಟಿಯಲ್ಲಿ ಸ್ಟೂಡೆಂಟ್ ಮ್ಯಾನೇಜರ್ ಆಗಿದ್ದೋನು, ಟವೆಲ್ಲು ನೀರು ಬಾಲು ನೋಡ್ಕೊಳ್ಳೋ ಕೆಲಸ. ಆಗ ಇಬ್ರೂ ಎರಡನೇ ದರ್ಜೆ ಲೀಗಲ್ಲಿ. ಮುಂದೆ ಎಂಟು ಒಂಬತ್ತು ವರ್ಷ ಆದ್ಮೇಲೆ ಇವರಿಬ್ರೂ ಅದೇ ಊರಲ್ಲಿ ಮತ್ತೆ ಸೇರ್ತಾರೆ, ಅದಕ್ಕೆ ಬರ್ತೀನಿ.

ಆ ಸೀಸನ್ ಬಗ್ಗೆ ಕರೂಸೋ ಆಮೇಲೆ ಒಂದು ಪಾಡ್‌ಕಾಸ್ಟಲ್ಲಿ ಮಾತಾಡಿದಾನೆ, ಪದಕ್ಕೆ ಪದ ಅಲ್ಲ, ನನ್ನ ಮಾತಲ್ಲಿ ಹೇಳ್ತೀನಿ. ಈ ಲೀಗಲ್ಲಿ ಇರೋ ಹುಡುಗ್ರು ತಾವು ಯಾವ ಕೆಲಸದ ಇಂಟರ್‌ವ್ಯೂಗೆ ಬಂದಿದೀವಿ ಅನ್ನೋದನ್ನೇ ತಪ್ಪು ತಿಳ್ಕೊಂಡಿರ್ತಾರಂತೆ. ಕಂಪನಿಗೆ ಬೇಕಾಗಿರೋದು ಬಾತ್‌ರೂಮ್ ತೊಳೆಯೋನು, ಇವರು ದೊಡ್ಡ ಆಫೀಸರ್ ಹುದ್ದೆಗೆ ಅಂತ ಸೂಟ್ ಹಾಕ್ಕೊಂಡು ಹೋಗಿರ್ತಾರೆ. ನನ್ನ ಪ್ರಕಾರ ಇವತ್ತಿನ ಇಡೀ ಮಾತಿಗೆ ಇದೇ ಬೀಗದ ಕೈ. ಡಿ-ಲೀಗಲ್ಲಿ ಮ್ಯಾಚಿಗೆ 30 ಪಾಯಿಂಟ್ ಹೊಡೆಯೋರು ತುಂಬಾ ಜನ ಇದ್ರು, ಆದ್ರೆ ಎನ್‌ಬಿಎ ಟೀಮಲ್ಲಿ 30 ಪಾಯಿಂಟ್ ಹೊಡೆಯೋ ಕೆಲಸಕ್ಕೆ ಆಗಲೇ ಆಳು ಇದಾನೆ, ಅವನಿಗೆ ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಕೊಡ್ತಿದಾರೆ, ಅವನ ಜಾಗ ನಿಂಗ್ಯಾಕೆ ಕೊಡ್ತಾರೆ? ಖಾಲಿ ಇರೋದು ಅವನ ಪಕ್ಕದಲ್ಲಿ ನಿಂತು ಎದುರಾಳಿಯ ಒಳ್ಳೇ ಗಾರ್ಡನ್ನ ಹಿಡಿಯೋ ಕೆಲಸ, ಬಿದ್ದ ಬಾಲ್‌ಗೆ ನೆಲದ ಮೇಲೆ ಹಾರೋ ಕೆಲಸ, ಕಾರ್ನರಲ್ಲಿ ಸುಮ್ನೆ ನಿಂತಿದ್ದು ಬಾಲ್ ಬಂದಾಗ ಮಾತ್ರ ಎಸೆಯೋ ಕೆಲಸ. ನಮ್ಮ ಹುಡುಗ್ರು ಸೆಲೆಕ್ಷನ್ ಟ್ರಯಲ್ಸ್‌ಗೆ ಬಂದಾಗ ಏನ್ ಮಾಡ್ತಾರೆ ಹೇಳಿ? ಬಾಲ್ ಸಿಕ್ಕಿದ ತಕ್ಷಣ ತಲೆ ಬಗ್ಗಿಸಿ ರಿಂಗಿಗೆ ನುಗ್ಗೋದು. ನಗ್ತಿದೀರಲ್ಲ, ಯಾರ್ಯಾರು ಅಂತ ಗೊತ್ತು ನಂಗೆ.

2017ರಲ್ಲಿ ಎರಡು ವಿಷಯ ಒಟ್ಟಿಗೆ ಆಯ್ತು. ಒಂದು, ಲಾಸ್ ವೇಗಸ್ ಸಮ್ಮರ್ ಲೀಗಲ್ಲಿ ಕರೂಸೋ ಲೇಕರ್ಸ್ ಟೀಮಲ್ಲಿದ್ದ, ಎಲ್ಲಾ ಕ್ಯಾಮೆರಾನೂ ಆ ವರ್ಷದ ಎರಡನೇ ನಂಬರ್ ಡ್ರಾಫ್ಟ್ ಲೊಂಜೋ ಬಾಲ್ ಮೇಲೆ. ಲೊಂಜೋ ಗಾಯ ಆಗಿ ಕೂತಾಗ ಕರೂಸೋನ ಆಡಿಸಿದ್ರು, ಚೆನ್ನಾಗಿ ಆಡ್ದ, ಲೇಕರ್ಸ್ ಟೂರ್ನಿ ಗೆದ್ರು. ಎರಡನೇದು, ಇದು ಯಾರೂ ಹೇಳಲ್ಲ ಆದ್ರೆ ಮುಖ್ಯ, ಅದೇ ಜುಲೈನಲ್ಲಿ ಲೀಗಿಗೂ ಆಟಗಾರರ ಸಂಘಕ್ಕೂ ಆದ ಹೊಸ ಒಪ್ಪಂದದ ಪ್ರಕಾರ "ಟೂ-ವೇ ಕಾಂಟ್ರಾಕ್ಟ್" ಅನ್ನೋದು ಶುರುವಾಯ್ತು. ಆ ಗೋಡೆಗೆ ಒಂದು ಕಿಟಕಿ ಇಟ್ಟ ಹಂಗೆ. ಪ್ರತಿ ಟೀಮಿಗೆ 15 ಜನರ ಮೇಲೆ ಇನ್ನೂ ಇಬ್ರು, ಅವರು ಮುಖ್ಯವಾಗಿ ಕೆಳಗಿನ ಲೀಗಲ್ಲಿ ಆಡ್ಬೇಕು, ಮೇಲಿನ ಟೀಮ್ ಜೊತೆ ಸೀಸನ್‌ಗೆ 45 ದಿನ ಮಾತ್ರ ಇರಬಹುದು, ಮೇಲೆ ಇದ್ದ ದಿನಕ್ಕೆ ಮೇಲಿನ ರೇಟು, ಕೆಳಗೆ ಇದ್ದ ದಿನಕ್ಕೆ ಕೆಳಗಿನ ರೇಟು. (ಈಗ ಮೂರು ಜನ, ದಿನದ ಬದಲು 50 ಮ್ಯಾಚಿನ ಲೆಕ್ಕ.) ಡಿ-ಲೀಗ್‌ಗೂ ಆ ವರ್ಷವೇ ಜಿ ಲೀಗ್ ಅಂತ ಹೊಸ ಹೆಸರು ಬಂತು, ಗೇಟೊರೇಡ್ ಕಂಪನಿ ಹೆಸರಿನ ಮೊದಲ ಅಕ್ಷರ. ಕರೂಸೋ ಲೇಕರ್ಸ್ ಜೊತೆ ಟೂ-ವೇ ಸೈನ್ ಮಾಡ್ದ. ಕೆಳಗಿನ ಟೀಮು ಸೌತ್ ಬೇ ಲೇಕರ್ಸು, ಎಲ್ ಸೆಗುಂಡೋದಲ್ಲಿ ಮೇಲಿನ ಟೀಮು ಪ್ರಾಕ್ಟೀಸ್ ಮಾಡೋ ಕಟ್ಟಡದಲ್ಲೇ ಇವರ ಮ್ಯಾಚು. ಒಂದೇ ಬಿಲ್ಡಿಂಗು, ಒಂದೇ ಪಾರ್ಕಿಂಗು, ಎರಡು ಸಂಬಳ.

ಈ 45 ದಿನ ಅನ್ನೋದು ಎಷ್ಟು ಕ್ರೂರ ಅಂತ ತಿಳ್ಕೊಳ್ಳೋಕೆ ಇನ್ನೊಬ್ಬನ ಕಥೆ ಕೇಳಿ, ನಂಗೆ ಇದು ಕರೂಸೋ ಕಥೆಗಿಂತ ಇಂಟರೆಸ್ಟಿಂಗು. ಡ್ಯಾನುಯೆಲ್ ಹೌಸ್, ಕರೂಸೋ ಜೊತೆ ಅದೇ ಟೆಕ್ಸಸ್ ಎ ಅಂಡ್ ಎಂ ಟೀಮಲ್ಲಿದ್ದೋನು, ಆ 44 ಸೆಕೆಂಡಿನ ಮ್ಯಾಚಲ್ಲಿ ಇವನೂ ಆಡಿದ್ದ, ಅದೇ 2016ರಲ್ಲಿ ಇವನ ಹೆಸರೂ ಕರೀಲಿಲ್ಲ. 2018-19ರಲ್ಲಿ ಹ್ಯೂಸ್ಟನ್ ರಾಕೆಟ್ಸ್‌ನಲ್ಲಿ ಟೂ-ವೇ ಮೇಲೆ ಇದ್ದ, ಗಾಯ ಆದೋರು ಜಾಸ್ತಿ ಇದ್ರು ಅಂತ ಇವನನ್ನ ಸ್ಟಾರ್ಟಿಂಗ್ ಫೈವ್‌ನಲ್ಲೇ ಆಡಿಸ್ತಿದ್ರು, ಜೇಮ್ಸ್ ಹಾರ್ಡನ್ ಪಕ್ಕದಲ್ಲಿ ನಿಂತು ಮೂರು ಪಾಯಿಂಟ್ ಎಸೀತಿದ್ದ, ಬೀಳ್ತಿತ್ತು. ಜನವರೀಲಿ 45 ದಿನ ಮುಗೀತು. ಮ್ಯಾಚು ಗೆಲ್ಲಿಸ್ತಿದ್ದೋನು ಕ್ಯಾಲೆಂಡರ್ ಮುಗಿದ ಮಾತ್ರಕ್ಕೆ ಹೊರಗೆ! ಟೀಮು ಏನಂತು, ಮೂರು ವರ್ಷಕ್ಕೆ ಕನಿಷ್ಠ ಸಂಬಳದ ಕಾಂಟ್ರಾಕ್ಟು ಕೊಡ್ತೀವಿ ಸೈನ್ ಹಾಕು ಅಂತು. ಹುಡುಗ ಒಪ್ಪಲಿಲ್ಲ, ಈ ಸೀಸನ್‌ಗೆ ಮಾತ್ರ ಕೊಡಿ ಸಾಕು, ಬೇಸಿಗೇಲಿ ನನ್ನ ಬೆಲೆ ನಾನು ನೋಡ್ಕೋತೀನಿ ಅನ್ನೋದು ಅವನ ಲೆಕ್ಕ. ಹಗ್ಗಜಗ್ಗಾಟ ಮಾರ್ಚ್ ತನಕ ನಡೀತು, ಅಷ್ಟೂ ದಿನ ಹೊರಗೇ ಇದ್ದ. ಮಾರ್ಚಲ್ಲಿ ಟೀಮು ಬಗ್ಗಿತು, ಸೀಸನ್ ಮುಗಿಯೋವರೆಗೆ ಅಂತ ಪೂರ್ತಿ ಕಾಂಟ್ರಾಕ್ಟು ಕೊಟ್ರು, ಆ ಬೇಸಿಗೇಲಿ ಮೂರು ವರ್ಷಕ್ಕೆ ಒಂದು ಕೋಟಿ ಡಾಲರ್‌ಗೂ ಮೇಲೆ ಬಂತು. ಈಗ ನೀವು ಭಲೇ ಅಂತೀರ. ಆ ಎರಡು ತಿಂಗಳಲ್ಲಿ ಮೊಣಕಾಲು ಹೋಗಿದ್ರೆ? ಇದೇ ಜನ ದುರಾಸೆ ಅನ್ನೋರು. ಡ್ರಾಫ್ಟ್ ಆಗದೇ ಇರೋನಿಗೆ ಆಟದ ಜೊತೆ ಈ ಕಾಗದದ ಲೆಕ್ಕನೂ ಗೊತ್ತಿರ್ಬೇಕು, ಇಲ್ಲಾಂದ್ರೆ ಒಳ್ಳೇ ಏಜೆಂಟ್ ಇರ್ಬೇಕು.

ಕರೂಸೋ ಎರಡು ವರ್ಷ ಟೂ-ವೇ ಮೇಲೇ ಮೇಲೆ ಕೆಳಗೆ ಓಡಾಡ್ದ. 2019ರ ಏಪ್ರಿಲ್‌ನಲ್ಲಿ ಲೇಕರ್ಸ್ ಸ್ಟಾರ್ ಲೆಬ್ರಾನ್ ಜೇಮ್ಸ್ ಆಡದೇ ಕೂತಿದ್ದ ಟೈಮಲ್ಲಿ ಕ್ಲಿಪ್ಪರ್ಸ್ ಮೇಲೆ 32 ಪಾಯಿಂಟು ಹೊಡ್ದ. ಬೇಸಿಗೇಲಿ ಎರಡು ವರ್ಷಕ್ಕೆ 55 ಲಕ್ಷ ಡಾಲರ್, ಮೊದಲ ಸಲ ನೆಟ್ಟಗಿನ ಕಾಂಟ್ರಾಕ್ಟು. ಮುಂದಿನ ವರ್ಷ ಕೋವಿಡ್ ಟೈಮಲ್ಲಿ ಒರ್ಲಾಂಡೋದಲ್ಲಿ ಪ್ರೇಕ್ಷಕರಿಲ್ದೇ ಫೈನಲ್ಸ್ ನಡೀತಲ್ಲ, ಆರನೇ ಮ್ಯಾಚು, ಲೇಕರ್ಸ್ ಕೋಚು ಎತ್ತರದ ಡ್ವೈಟ್ ಹೊವರ್ಡ್‌ನ ಕೂರಿಸಿ ಕರೂಸೋನ ಶುರುವಿಂದಲೇ ಇಳಿಸಿದ್ರು. ಅವನು ಹೊಡೆದಿದ್ದು ಬರೀ 4 ಪಾಯಿಂಟು. 106-93ಕ್ಕೆ ಗೆದ್ದು ಕಪ್ ಎತ್ತಿದ್ರು. ಎದುರುಗಡೆ ಮಯಾಮಿ ಹೀಟ್ ಟೀಮಲ್ಲೂ ನೋಡಿ, ಡಂಕನ್ ರಾಬಿನ್‌ಸನ್, ಕೆಂಡ್ರಿಕ್ ನನ್, ಬೆಂಚಲ್ಲಿ ಯೂಡೋನಿಸ್ ಹ್ಯಾಸ್ಲೆಮ್, ಮೂರೂ ಜನ ಹೆಸರು ಕರೆಸ್ಕೊಳ್ಳದೇ ಬಂದೋರು. ಹ್ಯಾಸ್ಲೆಮ್ ಅಂತೂ 2002ರಲ್ಲಿ ಡ್ರಾಫ್ಟ್ ಆಗದೇ ಫ್ರಾನ್ಸಿಗೆ ಹೋಗಿ, ಮೈ ಇಳಿಸ್ಕೊಂಡು ವಾಪಸ್ ಬಂದು, ಒಂದೇ ಟೀಮಲ್ಲಿ 20 ಸೀಸನ್ ಕಳೆದೋನು.

ಇದಕ್ಕೂ ಹಿಂದಿನೋರಿಗೆ ಟೂ-ವೇ ಗೀವೇ ಏನೂ ಇರಲಿಲ್ಲ. ಬೆನ್ ವಾಲೇಸ್ 1996ರಲ್ಲಿ ಡ್ರಾಫ್ಟ್ ಆಗದೇ ಉಳಿದೋನು, ಅಲಬಾಮಾದ ಹಳ್ಳಿ, ಮನೆ ತುಂಬಾ ಮಕ್ಕಳು, ಚಿಕ್ಕೋನಿದ್ದಾಗ ಬ್ಯಾಸ್ಕೆಟ್‌ಬಾಲ್ ಕ್ಯಾಂಪಿನ ಫೀಸಿಗೆ ಊರಿನೋರ ಕೂದಲು ಕತ್ತರಿಸಿ ದುಡ್ಡು ಕೂಡಿಟ್ಟಿದ್ದ. ಡಿಫೆನ್ಸ್‌ಗೆ ಕೊಡೋ ವರ್ಷದ ಪ್ರಶಸ್ತಿ ನಾಲ್ಕು ಸಲ ತಗೊಂಡ, 2021ರಲ್ಲಿ ಹಾಲ್ ಆಫ್ ಫೇಮ್ ಸೇರ್ದ. ಅವನ ಬಗ್ಗೆ ಬೇರೆ ದಿನವೇ ಮಾತಾಡ್ಬೇಕು.

2021ರಲ್ಲಿ ಲೇಕರ್ಸ್ ಕರೂಸೋಗೆ ಮಾರ್ಕೆಟ್ ರೇಟು ಕೊಡೋಕೆ ಒಪ್ಪಲಿಲ್ಲ, ಶಿಕಾಗೋ ಬುಲ್ಸ್ ನಾಲ್ಕು ವರ್ಷಕ್ಕೆ 3 ಕೋಟಿ 70 ಲಕ್ಷ ಡಾಲರ್ ಕೊಟ್ಟು ಕರ್ಕೊಂಡ್ರು. ಲೇಕರ್ಸ್ ಮಾಡಿದ ತಪ್ಪುಗಳಲ್ಲಿ ಇದಕ್ಕೆ ಮೊದಲ ಸಾಲಲ್ಲೇ ಸೀಟು ಕೊಡ್ತೀನಿ ನಾನು. 2023ರಲ್ಲಿ ಆಲ್-ಡಿಫೆನ್ಸಿವ್ ಫಸ್ಟ್ ಟೀಮು, ಅಂದ್ರೆ ಲೀಗಿನ ಆ ವರ್ಷದ ಅತ್ಯುತ್ತಮ ಐದು ಡಿಫೆಂಡರ್‌ಗಳಲ್ಲಿ ಒಬ್ಬ. 2024ರ ಜೂನಲ್ಲಿ ಟ್ರೇಡು, ಅಂದ್ರೆ ಆಟಗಾರರ ಅದಲುಬದಲು, ಶಿಕಾಗೋಗೆ ಹೋಗಿದ್ದು ಜಾಶ್ ಗಿಡ್ಡಿ, 2021ರ ಡ್ರಾಫ್ಟಲ್ಲಿ ಆರನೇ ನಂಬರು. ಆರನೇ ನಂಬರಿನೋನನ್ನ ಕೊಟ್ಟು ನಂಬರೇ ಇಲ್ದೇ ಇದ್ದೋನನ್ನ ತಗೊಂಡ್ರು. ತಗೊಂಡಿದ್ದು ಯಾರು? ಒಕ್ಲಹಾಮಾ ಸಿಟಿ ಥಂಡರ್, ಅವತ್ತು ಕ್ಯಾಂಪಿಂದ ಕೈಬಿಟ್ಟ ಅದೇ ಟೀಮು. ಕೋಚು? ಅದೇ ಡೇಗ್ನಾಲ್ಟ್. ಡಿಸೆಂಬರಲ್ಲಿ ಇನ್ನೂ ನಾಲ್ಕು ವರ್ಷಕ್ಕೆ 8 ಕೋಟಿ ಡಾಲರ್‌ಗೂ ಮೇಲೆ ಬರೆದುಕೊಟ್ರು.

ಆ ಟೀಮಲ್ಲೇ ಲು ಡೋರ್ಟ್ ಅಂತ ಇನ್ನೊಬ್ಬ, ಕೆನಡಾದ ಮಾಂಟ್ರಿಯಾಲ್‌ನೋನು, 2019ರಲ್ಲಿ ಡ್ರಾಫ್ಟ್ ಆಗದೇ ಟೂ-ವೇನಲ್ಲಿ ಬಂದು 2025ರಲ್ಲಿ ಫಸ್ಟ್ ಟೀಮ್ ಡಿಫೆನ್ಸ್ ಆದ. ಒಂದೇ ಟೀಮಲ್ಲಿ ಇಂಥ ಇಬ್ರು ಇದ್ರೆ ಎದುರಾಳಿ ಗಾರ್ಡು ಏನ್ ಮಾಡ್ಬೇಕು ಪಾಪ.

ಈಗ 2025ರ ಮೇ 18, ಡೆನ್ವರ್ ಮೇಲೆ ಪ್ಲೇಆಫ್ ಸೀರೀಸಿನ ಏಳನೇ, ಅಂದ್ರೆ ಕೊನೇ ಮ್ಯಾಚು, ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಡೆನ್ವರ್‌ನ ನಿಕೋಲಾ ಯೋಕಿಚ್ 6 ಅಡಿ 11 ಇಂಚು, ಮೂರು ಸಲ ಎಂವಿಪಿ, ಅಂದ್ರೆ ಲೀಗಿನ ವರ್ಷದ ಅತ್ಯುತ್ತಮ ಆಟಗಾರ, ಕೂತ್ಕೊಂಡೇ ಪಾಸ್ ಕೊಡ್ತಾನೆ ಅನ್ನೋಷ್ಟು ನಿರಾಳ. ಮೊದಲ ಕ್ವಾರ್ಟರಲ್ಲಿ ಡೆನ್ವರ್ ಮುಂದೆ. ಆಮೇಲೆ ಡೇಗ್ನಾಲ್ಟ್ ಅವನ ಮೇಲೆ ಬಿಟ್ಟಿದ್ದು ಯಾರನ್ನ, 6 ಅಡಿ 5 ಇಂಚಿನ ಕರೂಸೋನ! ಹಿಂದೆ ನಿಂತ್ರೆ ಯೋಕಿಚ್ ನೂಕ್ಕೊಂಡು ಹೋಗಿ ಹಾಕ್ತಾನೆ, ಅದಕ್ಕೇ ಇವನು ಹಿಂದೆ ನಿಲ್ಲಲೇ ಇಲ್ಲ, ಮುಂದೆ ಹೋಗಿ ಬಾಲ್‌ಗೂ ಯೋಕಿಚ್‌ಗೂ ಮಧ್ಯ ನಿಂತ, ತೊಡೆಗೆ ತೊಡೆ ಕೊಟ್ಟು, ಎರಡೂ ಕೈ ಮೇಲೆ. ಪಾಸ್ ಕೊಡೋನಿಗೆ ಯೋಕಿಚ್ ಕಾಣ್ತಾನೆ ಆದ್ರೆ ಬಾಲ್ ಹೋಗೋ ದಾರಿ ಕಾಣಲ್ಲ. ತಲೆ ಮೇಲಿಂದ ಎಸೆದ್ರೆ ಹಿಂದೆ ಉದ್ದದ ಹೆಲ್ಪ್ ಡಿಫೆಂಡರ್ ಕಾಯ್ತಿರ್ತಾನೆ. ಯೋಕಿಚ್ ಅವತ್ತು ಇಡೀ ಮ್ಯಾಚಲ್ಲಿ ರಿಂಗಿಗೆ ಎಸೆದಿದ್ದು 9 ಸಲ ಮಾತ್ರ. ಥಂಡರ್ 125-93ಕ್ಕೆ ಗೆದ್ರು. ಕರೂಸೋದು 11 ಪಾಯಿಂಟು, ಆದ್ರೆ ಅವನು ಅಂಗಳದಲ್ಲಿ ಇದ್ದ 26 ನಿಮಿಷದಲ್ಲಿ ಟೀಮು 40 ಪಾಯಿಂಟು ಮುಂದೆ ಹೋಯ್ತು. ಫೈನಲ್ಸಲ್ಲಿ ಇಂಡಿಯಾನಾ ಮೇಲೆ ಬೆಂಚಿಂದ ಬಂದು ಎರಡನೇ ಮ್ಯಾಚಲ್ಲೂ ನಾಲ್ಕನೇ ಮ್ಯಾಚಲ್ಲೂ 20, 20 ಹೊಡ್ದ. ಏಳನೇದು ಜೂನ್ 22, ನಮಗೆ ಸೋಮವಾರ ಬೆಳಗಿನ ಜಾವ, 103-91ಕ್ಕೆ ಗೆದ್ದು ಥಂಡರ್ ಕಪ್ ಎತ್ತಿದ್ರು. ಆ 44 ಸೆಕೆಂಡಿನ ಮ್ಯಾಚ್ ನಡೆದ ಸ್ಟೇಡಿಯಂ ಹೇಳಿದ್ನಲ್ಲ, ಹೆಸರು ಬದಲಾಗಿದೆ ಅಷ್ಟೇ, ಈ ಎರಡೂ ಏಳನೇ ಮ್ಯಾಚು ನಡೆದಿದ್ದು ಅದೇ ಕಟ್ಟಡದಲ್ಲಿ.

ಮಾತು ಜಾಸ್ತಿ ಆಯ್ತು. ಪ್ರೊಜೆಕ್ಟರ್ ರೆಡಿ ಇದೆ ಅಂತಿದಾರೆ, ಡೆನ್ವರ್ ಮ್ಯಾಚಿನ ಎರಡನೇ ಕ್ವಾರ್ಟರ್ ಹಾಕ್ತೀವಿ. ಒಂದು ಕಂಡೀಷನ್ನು, ಯಾರೂ ಬಾಲ್ ನೋಡ್ಬೇಡಿ, 9ನೇ ನಂಬರ್ ಜೆರ್ಸಿಯೋನ ಕಾಲು ಮಾತ್ರ ನೋಡಿ. ಗಾರ್ಡ್ ಆಡೋರು ಮುಂದೆ ಬಂದು ಕೂತ್ಕೊಳ್ಳಿ, ಆಮೇಲೆ ಕೋರ್ಟಿಗೆ ಹೋಗಿ ಇದನ್ನೇ ಮಾಡಿ ತೋರಿಸೋದಿದೆ. ಲೈಟ್ ಆಫ್ ಮಾಡ್ರಪ್ಪಾ ಯಾರಾದ್ರೂ.